ನಂತೂರಿನ ಫ್ರೇಮಿನಂಗಡಿಯಲ್ಲಿ ಜೂಲಿಯೆಟ್ ಬಾಯಮ್ಮನ ಫೋಟೊಗಳು

ನಾನು ಸೇವೆಯಿಂದ ನಿವೃತ್ತನಾಗಿದ್ದೇನೆ. ಹೀಗೆಂದ ಕೂಡಲೇ ಜನ ನನ್ನ ತಲೆಯ ಕಡೆ ನೋಡುತ್ತಾರೆ. ಅಲ್ಲಿ ಇನ್ನೂ ಒಂದು ಬೆಳ್ಳಿ ಕೂದಲಿಲ್ಲ. ಆದರೆ ಮರದ ಹುಡಿ ನಿನ್ನ ಮೂಗಿಗೆ ಆಗುವುದಿಲ್ಲ, ಈ ಕೆಲಸ ಬಿಟ್ಟರೆ ಮಾತ್ರ ಸೀನು ನಿಂತೀತು ಎಂದು ಡಾಕ್ಟರೇ ಹೇಳಿದ ಮೇಲೆ ಅದನ್ನು ನಿವೃತ್ತಿ ಎನ್ನದೆ ಇನ್ನೇನೆನ್ನಬೇಕು? ಬೀಳ್ಕೊಡುಗೆಯೂ ಆಯಿತು. ಯಜಮಾನರು ಶಾಲು ಹೊದೆಸಿದರು. ಗೋಳಿಬಜೆ, ಚಹಾ ತರಿಸಿದರು. ಭಾಷಣ ಮಾತ್ರ ನನ್ನದೇ, ಅದೂ ಯಜಮಾನರ ಸ್ವರದಲ್ಲಿ. ಎದುರೇ ಕುಳಿತು ಕೊನೆಯವರೆಗೂ ಕೇಳಿದ ಅವರು, "ನಾನು ಇಷ್ಟು ಚೆಂದ ಮಾತಾಡುವುದಿಲ್ಲ ಮಾರಾಯ" ಎಂದರು. ಈಗ ಮದುವೆಯ ರಿಸೆಪ್ಶನ್‌ಗಳಲ್ಲಿ ಮೈಕು ಹಿಡಿದು ನಿರೂಪಣೆ ಮಾಡುತ್ತೇನೆ, ಮದುಮಗನ ಮಾವನ ನಡಿಗೆಯನ್ನು ಅಣಕಿಸಿ ಊಟ ಮಾಡಿ ಬರುತ್ತೇನೆ. ಸೀನಿಲ್ಲ, ನಿದ್ರೆ ಬರುತ್ತದೆ, ನೆಮ್ಮದಿಯಾಗಿದ್ದೇನೆ.

ಆದರೆ ಫ್ರೇಮಿನ ಕೆಲಸಕ್ಕೆ ಹೊಸದಾಗಿ ಇಳಿಯುವವರು, ತಾವೇ ತೆಗೆದ ಫೋಟೊಗಳಿಗೆ ಕಡಿಮೆ ಖರ್ಚಿನಲ್ಲಿ ತಾವೇ ಕಟ್ಟು ಹಾಕಬೇಕೆನ್ನುವವರು ಆಗಾಗ ಸಿಗುತ್ತಾರೆ. ಅದರಲ್ಲಿ ಎಂತ ಉಂಟು, ನಾಲ್ಕು ಕೋಲು, ಒಂದು ಗಾಜು, ಅಷ್ಟೇ ಅಲ್ವಾ ಎಂದು ಕೇಳುತ್ತಾರೆ. ನಾನೂ ಕೆಲಸಕ್ಕೆ ಸೇರುವ ದಿನ ಹಾಗೆಯೇ ಕೇಳಿದ್ದೆ. ಅದಕ್ಕೆ ಇಲ್ಲಿ ಬರೆಯುತ್ತಿರುವುದು.

ನಮ್ಮ ಅಂಗಡಿ ಇದ್ದದ್ದು ನಂತೂರಿನಿಂದ ಬಿಕರ್ನಕಟ್ಟೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ. ಯಜಮಾನರು ವಿನ್ಸೆಂಟ್. ನಾವು ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಪೊರ್ಬು, ಹೆಂಗಸರಾದರೆ ಬಾಯಮ್ಮ ಎನ್ನುತ್ತೇವೆ, ಹಾಗಾಗಿ ಎಲ್ಲರಿಗೂ ಅವರು ವಿನ್ಸಿ ಪೊರ್ಬು. ಕೆಲಸ ಮಾಡುವಾಗ ಅವರ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಸಣ್ಣ ಮೊಳೆಗಳಿರುತ್ತಿದ್ದವು. ಅವರು ಹೇಳುವುದೆಲ್ಲ ಆ ಮೊಳೆಗಳ ಸಂದಿಯಿಂದ ಸೋಸಿ ಬರುತ್ತಿತ್ತು. ಅವರನ್ನು ಅಣಕಿಸಲು ನಾನು ತುಟಿಯಲ್ಲಿ ನೆಲಗಡಲೆ ಇಟ್ಟುಕೊಂಡು ಅಭ್ಯಾಸ ಮಾಡಿದ್ದೆ. ಒಮ್ಮೆ ಅವರು ಹಿಂದೆ ಬಂದು ನಿಂತದ್ದು ಗೊತ್ತಾಗದೆ ಗಿರಾಕಿಯೊಬ್ಬರಿಗೆ ಅವರ ಸ್ವರದಲ್ಲಿ ಬೈಯುತ್ತಿದ್ದೆ. ಅವರು ಪೂರ್ತಿ ಕೇಳಿ, ಬೈದದ್ದು ಸರಿಯಾಗಿದೆ, ಆದರೆ ನಾನಾದರೆ ಕೊನೆಯಲ್ಲಿ ಚಹಾ ಕೊಡುತ್ತಿದ್ದೆ ಎಂದು ತಿದ್ದಿದರು. ಅಂಥ ಮೇಲಧಿಕಾರಿ ಸಿಕ್ಕಿದರೆ ಬಿಡಬೇಡಿ.

ನಂತೂರಿನ ಲಾರಿಗಳು ನನಗೆ ಮೊದಲ ಪಾಠ ಕಲಿಸಿದವು. ರಾತ್ರಿಯಿಡೀ ಅವು ಹೋಗುವ ಅದುರಿಗೆ ಗೋಡೆಯ ಮೇಲಿನ ಫ್ರೇಮುಗಳೆಲ್ಲ ಬೆಳಗಾಗುವಾಗ ಒಂದೇ ಕಡೆ ವಾಲಿರುತ್ತಿದ್ದವು. ಬಾಗಿಲು ತೆಗೆದರೆ ದೇವಾನುದೇವತೆಗಳೆಲ್ಲ ಬಸ್ಸು ಬಂತಾ ಎಂದು ಇಣುಕುವವರ ಹಾಗೆ ಕಾಣುತ್ತಿದ್ದರು. ದಿನಾ ಅವರನ್ನು ನೆಟ್ಟಗೆ ಮಾಡುವುದೇ ನನ್ನ ಮೊದಲ ಡ್ಯೂಟಿ. ಒಂದೇ ಮೊಳೆಗೆ ನೇತುಹಾಕಿದ ಫ್ರೇಮು ತಿರುಗದೆ ಇರುವುದಿಲ್ಲ. ಎರಡು ಮೊಳೆ ಹೊಡೆಯಿರಿ, ಹಿಂಬದಿಯ ಕೆಳಮೂಲೆಗಳಿಗೆ ಹಳೆಯ ಚಪ್ಪಲಿಯ ರಬ್ಬರ್ ತುಂಡು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ, ಬೂಸ್ಟು ಹಿಡಿಯುವುದಿಲ್ಲ. ಚಪ್ಪಲಿಯನ್ನು ದೇವರ ಹಿಂದೆ ಇಡುತ್ತೀಯಾ ಎಂದು ಒಬ್ಬರು ಕೇಳಿದ್ದರು. ಆಮೇಲೆ ದೇವರಿಗೆ ಸೈಕಲ್ ಟ್ಯೂಬಿನ ರಬ್ಬರು, ಮನುಷ್ಯರಿಗೆ ಚಪ್ಪಲಿಯದು ಎಂದು ನಿಯಮ ಮಾಡಿಕೊಂಡೆವು.

ನಮ್ಮ ಅಂಗಡಿಯ ಖಾಯಂ ಗಿರಾಕಿಗಳು ಸತ್ತವರು. ತಮಾಷೆಯಲ್ಲ. ಹಿಂದೂಗಳು ಉತ್ತರಕ್ರಿಯೆಗೆ, ಕ್ರಿಶ್ಚಿಯನ್ನರು ತಿಂಗಳ ಪೂಜೆಗೆ ಫೋಟೊ ದೊಡ್ಡದು ಮಾಡಿಸಲು ಬರುತ್ತಾರೆ. ಎಲ್ಲರಿಗೂ ನಾಳೆಗೇ ಬೇಕು. ಅಂಥ ಫೋಟೊಗೆ ಕಪ್ಪು ಮರದಲ್ಲಿ ಚಿನ್ನದ ಗೆರೆಯ ಕಟ್ಟು, ಮೇಲೆ ಹಾರ ಹಾಕಲು ಕೊಕ್ಕೆ, ಕೆಳಗೆ ಒಂದು ಪುಟ್ಟ ಕೆಂಪು ಬಲ್ಬು. ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯ ಮಾಲು ಬೇರೆ ಇರಲಿಲ್ಲ. ಒಮ್ಮೆ ಒಂದು ಉತ್ತರಕ್ರಿಯೆಯ ಮನೆಯಲ್ಲಿ ಜನ ಎಲೆಯ ಮುಂದೆ ಕುಳಿತ ಹೊತ್ತಿಗೇ ಬಲ್ಬು ಆರಿಹೋಯಿತಂತೆ. ಅಜ್ಜನಿಗೆ ಸಮಾಧಾನ ಆಗಲಿಲ್ಲ ಎಂದು ಯಾರೋ ಹೇಳಿ, ಊಟ ಅರ್ಧಕ್ಕೆ ನಿಂತು, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವವರೆಗೆ ಹೋಯಿತು. ಅಂದಿನಿಂದ ಪೊರ್ಬು ಒಂದು ಕ್ರಮ ಮಾಡಿದರು: ಬಲ್ಬಿನ ಫ್ರೇಮು ಯಾವುದೇ ಇರಲಿ, ಒಂದಿಡೀ ರಾತ್ರಿ ರಸ್ತೆ ಬದಿಯ ಗಾಜಿನ ಕಪಾಟಿನಲ್ಲಿ ಉರಿಯಬೇಕು. ಬೆಳಗ್ಗೆ ಉರಿಯುತ್ತಿದ್ದರೆ ಪಾಸು.

ಇನ್ನು ಪ್ರಿಂಟು. ಮೊದಲು ಗಿರಾಕಿಗಳು ಕವರಿನಲ್ಲಿ ನೆಗೆಟಿವ್ ತರುತ್ತಿದ್ದರು, ನಾನು ಸೇರುವಾಗ ಮೊಬೈಲು ತರತೊಡಗಿದ್ದರು. ಮೊಬೈಲಿನ ಪರದೆ ಸುಳ್ಳು ಹೇಳುತ್ತದೆ. ಅದಕ್ಕೆ ಹಿಂದಿನಿಂದ ಬೆಳಕು ಉಂಟು, ಕಾಗದಕ್ಕಿಲ್ಲ. ಇದು ನನಗೆ ತಿಳಿದದ್ದು ಹೊಸ ಜೋಡಿಯೊಂದು ಕಡಲತೀರದ ಸಂಜೆಯ ಫೋಟೊ ತಂದಾಗ. ಗೋಡೆ ತುಂಬುವಷ್ಟು ದೊಡ್ಡದು ಮಾಡಿಸಿ ಕೊಟ್ಟೆ. ನಾನು ಎಲ್ಲಿದ್ದೇನೆ ಎಂದು ಮದುಮಗಳು ಕೇಳಿದಳು. ನಾನು ಪೆನ್ಸಿಲಿನಿಂದ ತೋರಿಸಿದೆ. ಅದು ಗಂಡ ಎಂದಳು. ಹಾಗಾಗಿ ಪ್ರಿಂಟಿಗೆ ಕೊಡುವ ಮುಂಚೆ ಬೆಳಕು ಸ್ವಲ್ಪ ಏರಿಸಿ. ಮೊದಲು ಒಂದು ಸಣ್ಣ ಪಟ್ಟಿಯಷ್ಟೇ ಪ್ರಿಂಟು ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಮೊಬೈಲಿನ ಫೋಟೊ ಉದ್ದ, ಲ್ಯಾಬಿನ ಕಾಗದದ ಅಳತೆ ಬೇರೆ. ಎಲ್ಲಿ ಕತ್ತರಿಸಬೇಕೆಂದು ನೀವು ಹೇಳದಿದ್ದರೆ ಲ್ಯಾಬಿನವರು ತಲೆಯನ್ನೇ ಕತ್ತರಿಸುತ್ತಾರೆ. ಗಲ್ಫಿನಿಂದ ಬಂದ ಒಬ್ಬರ ಫೋಟೊದಲ್ಲಿ ಒಂದೋ ಹಿಂದಿನ ಗೋಪುರದ ತುದಿ, ಇಲ್ಲವೇ ಅಪ್ಪನ ಪಾದ, ಎರಡರಲ್ಲಿ ಒಂದೇ ಉಳಿಯುತ್ತಿತ್ತು. ಬಹಳ ಹೊತ್ತು ಯೋಚಿಸಿ, ಅಪ್ಪನ ಪಾದ ಮನೆಯಲ್ಲೇ ಉಂಟಲ್ಲ, ಗೋಪುರ ಇರಲಿ ಎಂದರು.

ಆದರೆ ಈ ವೃತ್ತಿಯ ನಿಜವಾದ ವಿದ್ಯೆ ಇರುವುದು ಮೌಂಟಿನಲ್ಲಿ, ಅಂದರೆ ಫೋಟೊದ ಸುತ್ತ ಕಿಟಕಿಯ ಹಾಗೆ ಕೊರೆದಿಡುವ ದಪ್ಪ ರಟ್ಟಿನಲ್ಲಿ. ಗಿರಾಕಿಗಳು ಅದನ್ನು ಶೃಂಗಾರ ಎಂದುಕೊಂಡು, ಅದು ಬೇಡ, ರೇಟು ಕಮ್ಮಿ ಮಾಡು ಎನ್ನುತ್ತಾರೆ. ನಮ್ಮ ಮಂಗಳೂರಿನ ತೇವದಲ್ಲಿ ಗಾಜಿಗೆ ತಾಗಿದ ಫೋಟೊ ನಾಲ್ಕು ಮಳೆಗಾಲದೊಳಗೆ ಗಾಜಿಗೇ ಅಂಟುತ್ತದೆ. ಎಬ್ಬಿಸಿದರೆ ಮೂಗು ಗಾಜಿನಲ್ಲಿ, ಕಿವಿ ಕಾಗದದಲ್ಲಿ. ಬಾಡಿಗೆಯವನಿಗೂ ಮನೆ ಯಜಮಾನನಿಗೂ ಇರುವಷ್ಟು ದೂರ ಫೋಟೊಗೂ ಗಾಜಿಗೂ ಇರಲೇಬೇಕು. ಆ ದೂರವನ್ನು ಕಾಯುವುದೇ ಮೌಂಟು. ಫೋಟೊದ ಬೆನ್ನಿಗೆಲ್ಲ ಗೋಂದು ಬಳಿಯಬೇಡಿ. ಮೇಲಂಚಿಗೆ ಮಾತ್ರ ಎರಡು ಕಾಗದದ ಪಟ್ಟಿ ಅಂಟಿಸಿ, ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಇಳಿಬಿಡಿ. ಮಳೆಗೆ ಅದು ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ನಾಲ್ಕೂ ಬದಿ ಹಿಡಿದು ಕಟ್ಟಿದರೆ ಹೊಟ್ಟೆ ಉಬ್ಬಿಸಿ ಸಿಟ್ಟು ತೋರಿಸುತ್ತದೆ.

ಇದನ್ನೆಲ್ಲ ನನ್ನಿಂದ ಕಲಿತು, ನನಗಿಂತ ಚೆನ್ನಾಗಿ ಮಾಡಿದವರು ಜೂಲಿಯೆಟ್ ಬಾಯಮ್ಮ. ನನ್ನ ವೃತ್ತಿಜೀವನದ ಎಲ್ಲ ಕೇಸುಗಳನ್ನು ಮರೆತರೂ ಅವರದನ್ನು ಮರೆಯಲಿಕ್ಕಿಲ್ಲ.

ಅವರು ಕೊಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ಬಂದು, ಬಿಜೈಯ ಬಸ್‌ಸ್ಟ್ಯಾಂಡಿನ ಹಿಂದಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಮೊದಲ ದಿನ ಬಂದವರೇ ಕೈಚೀಲದಿಂದ ಒಂದು ಪುಟ್ಟ ಕ್ಯಾಮರಾವನ್ನೂ ಹಳೆಯ ನೆಗೆಟಿವ್‌ಗಳ ಕವರನ್ನೂ ತೆಗೆದು ಮೇಜಿನ ಮೇಲಿಟ್ಟರು. ಅವುಗಳಲ್ಲಿ ಗಲ್ಫಿನ ಫೋಟೊಗಳಿವೆ ಎಂದಾಗ, ನಾನು ಎತ್ತರದ ಕಟ್ಟಡಗಳನ್ನು ಕತ್ತರಿಸಲು ಮನಸ್ಸಿನಲ್ಲೇ ಕತ್ತರಿ ಮಸೆದೆ. ಒಂದೂ ಇರಲಿಲ್ಲ. ನಿಂತ ಬಸ್ಸಿನ ನೆರಳಿನಲ್ಲಿ ಹೆಲ್ಮೆಟ್ಟನ್ನೇ ತಲೆದಿಂಬು ಮಾಡಿ ಮಲಗಿದ ಕೆಲಸಗಾರರು. ಆಸ್ಪತ್ರೆಯ ತಾರಸಿಯಲ್ಲಿ ಒಣಗುವ ಬಿಳಿ ಸಮವಸ್ತ್ರಗಳು, ಎಲ್ಲವೂ ಗಾಳಿಗೆ ಒಂದೇ ಕಡೆಗೆ ಕೈ ಬೀಸುತ್ತಿದ್ದವು. ಆಂಬುಲೆನ್ಸಿನ ಬಿಸಿ ಬಾನೆಟ್ಟಿನ ಮೇಲೆ ಬೆಕ್ಕು. ಟೆಲಿಫೋನ್ ಬೂತಿನ ಮುಂದೆ ಜನರ ಸಾಲು. ನನ್ನ ಬಾಯಿಗೂ ಆ ಹೊತ್ತು ರಜೆ ಸಿಕ್ಕಿತು.

ಅವರ ಯೋಜನೆ ಸರಳವಾಗಿತ್ತು. ಫೋಟೊಗಳಿಗೆ ತಾವೇ ಕಟ್ಟು ಹಾಕಿ, ಫ್ಲ್ಯಾಟಿನ ಅಸೋಸಿಯೇಶನ್ ಹಾಲಿನಲ್ಲಿ ಒಂದು ಭಾನುವಾರ ನೇತುಹಾಕುವುದು, ಕುಟುಂಬದವರನ್ನು ಕರೆಯುವುದು. ತಮ್ಮ, ತಂಗಿ, ಅವರ ಮಕ್ಕಳೆಲ್ಲರ ಓದು, ಮದುವೆ, ಮನೆ ಇವರ ದುಡಿಮೆಯಿಂದಲೇ ಆದದ್ದು. ನನಗಿದನ್ನು ಅವರು ಹೇಳಿದ್ದಲ್ಲ, ಪೊರ್ಬು ಮೊಳೆಗಳ ಸಂದಿಯಿಂದ ಹೇಳಿದ್ದು. ಬಾಯಮ್ಮ ನನ್ನ ಹೆಸರು ಹಿಡಿದು ಹೇಳಿದ್ದು ಇಷ್ಟೇ:

"ನಾನು ಕಳಿಸಿದ್ದನ್ನೆಲ್ಲ ಅವರು ನೋಡಿದ್ದಾರೆ ಯತಿ. ನಾನು ನೋಡಿದ್ದನ್ನು ಒಂದು ದಿನ ನೋಡ್ಲಿ ಅಂತ."

ಕೈಯಲ್ಲಿದ್ದದ್ದನ್ನು ಹಿಡಿತದಲ್ಲಿ ಖರ್ಚು ಮಾಡಬೇಕಿತ್ತು. ಪ್ರಿಂಟಿನ ಕಾಗದದಲ್ಲಿ ಮಾತ್ರ ಉಳಿತಾಯ ಮಾಡಬೇಡಿ, ಉಳಿದದ್ದಕ್ಕೆಲ್ಲ ದಾರಿ ಉಂಟು ಎಂದರು ಪೊರ್ಬು. ನಮ್ಮೂರಿನಲ್ಲಿ ಹಳೆಯ ದೇವರ ಫೋಟೊಗಳನ್ನು ಯಾರೂ ಕಸಕ್ಕೆ ಎಸೆಯುವುದಿಲ್ಲ. ಕೆಲವರು ಅಶ್ವತ್ಥ ಕಟ್ಟೆಯ ಬುಡದಲ್ಲಿ ಇಟ್ಟು ಬರುತ್ತಾರೆ, ಕೆಲವರು ನಮ್ಮ ಅಂಗಡಿಗೆ ತಂದು, ಕಟ್ಟನ್ನು ನೀವೇ ಇಟ್ಟುಕೊಳ್ಳಿ, ದೇವರನ್ನೂ ನೀವೇ ನೋಡಿಕೊಳ್ಳಿ ಎಂದು ಹೇಳಿ ಹಿಂದೆ ನೋಡದೆ ಹೋಗುತ್ತಾರೆ. ಪೊರ್ಬು ಚಿತ್ರಗಳನ್ನು ಬಿಳಿ ಕಾಗದದಲ್ಲಿ ಸುತ್ತಿ ಅಟ್ಟದ ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಿದ್ದರು. ಎಲ್ಲ ಧರ್ಮದವರೂ ಒಂದೇ ಪೆಟ್ಟಿಗೆಯಲ್ಲಿ. ನನಗೆ ಗೊತ್ತಿದ್ದ ಹಾಗೆ ಒಂದು ಜಗಳವೂ ಆಗಿಲ್ಲ. ಖಾಲಿ ಕಟ್ಟುಗಳ ರಾಶಿ ಬಾಯಮ್ಮನ ಪಾಲಿಗೆ ಬಂತು.

ಆ ಕಟ್ಟುಗಳಲ್ಲಿ ಒಂದರ ಹಾಗೆ ಒಂದಿರಲಿಲ್ಲ. ಅದಕ್ಕೆ ಉಪಾಯ ಹೀಗೆ: ಮರಳು ಕಾಗದದಿಂದ ಉಜ್ಜಿ ಎಲ್ಲಕ್ಕೂ ಒಂದೇ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಯುವುದು, ಪ್ರಿಂಟುಗಳನ್ನೆಲ್ಲ ಒಂದೇ ಅಳತೆಯಲ್ಲಿ ಹಾಕಿಸುವುದು, ಮೌಂಟಿನ ರಟ್ಟೂ ಒಂದೇ ಬಿಳಿ. ಆಗ ಕಟ್ಟು ಹಿರಿದೋ ಕಿರಿದೋ, ಕಣ್ಣಿಗೆ ಒಂದೇ ಮನೆತನದವರ ಹಾಗೆ ಕಾಣುತ್ತವೆ. ಗಾಜು ಹಳೆಯದೇ, ಹಳೆ ಪೇಪರಿನಲ್ಲಿ ಒರೆಸಿದರೆ ಹೊಸದು. ಪ್ರಿಂಟುಗಳನ್ನು ಒಂದೊಂದೇ ಹಾಕಿಸದೆ, ಒಂದು ದೊಡ್ಡ ಹಾಳೆಯಲ್ಲಿ ಹಲವನ್ನು ಜೋಡಿಸಿ ಹಾಕಿಸಿ ಕತ್ತರಿಸಿಕೊಂಡರೆ ಅಗ್ಗ.

ಮಧ್ಯಾಹ್ನ ಊಟ ಮುಗಿಸಿ ಬಂದು ಬಾಯಮ್ಮ ನಮ್ಮ ಕೆಲಸದ ಮೇಜಿನಲ್ಲಿ ಕೂರುತ್ತಿದ್ದರು. ಮೊದಲ ದಿನ ಫೋಟೊ ಅಂಟಿಸಲು ಆಸ್ಪತ್ರೆಯ ಬಿಳಿ ಟೇಪು ತಂದಿದ್ದರು. ಇದು ಗಾಯಕ್ಕೆ ಸರಿ, ಫೋಟೊಗಾದರೆ ಹಳದಿ ಕಲೆ ಬಿಡುತ್ತದೆ ಎಂದು ಪೊರ್ಬು ಬೇಡವೆಂದರು. ಇರಲಿ, ಇವನಿಗಾದರೂ ಬೇಕಾದೀತು ಎಂದು ಬಾಯಮ್ಮ ನನ್ನ ಕಡೆ ನೋಡಿ ಅದನ್ನು ಅಲ್ಲೇ ಇಟ್ಟರು. ಸಂಜೆಯೊಳಗೆ ರಟ್ಟು ಕೊರೆಯುವ ಬ್ಲೇಡು ನನ್ನ ಬೆರಳನ್ನೂ ಕೊರೆಯಿತು. ಅವರು ಅದೇ ಟೇಪು ಸುತ್ತಿ, ರಟ್ಟು ಕೊರೆಯುವ ಕೆಲಸವನ್ನು ನನ್ನಿಂದ ಕಿತ್ತುಕೊಂಡರು. ಉಕ್ಕಿನ ಸ್ಕೇಲು ಒತ್ತಿ ಹಿಡಿದು, ಒಂದೇ ಸಲ ಜೋರಾಗಿ ಎಳೆಯದೆ ಎರಡು ಮೂರು ಸಲ ಹಗುರಾಗಿ ಎಳೆಯುವುದು ಅವರ ಕ್ರಮ. ಅವರು ಕೊರೆದ ಮೂಲೆಗಳ ಮುಂದೆ ನಾನು ಕೊರೆದವು ಇಲಿ ಕಡಿದ ಹಾಗಿರುತ್ತಿದ್ದವು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ, ಅಕ್ಕನನ್ನು ಕೊಂಕಣಿಯಲ್ಲಿ ಬಾಯ್ ಎಂದು ಕರೆಯುವ ತಮ್ಮ ಡೊಲ್ಫಿ ಒಂದು ಮಾತು ಹೇಳಿದ. ಬಾಯಮ್ಮ ಕರೆಯಲು ಫೋನು ಮಾಡಿದ್ದು ನಮ್ಮ ಅಂಗಡಿಯಿಂದಲೇ, ಸ್ಪೀಕರಿನಲ್ಲಿ, ಏಕೆಂದರೆ ಕೈಗಳಲ್ಲಿ ಬಣ್ಣ ಇತ್ತು.

"ಫೋಟೊ ಅಲ್ವಾ ಬಾಯ್?" ಎಂದ ಅವನು. "ಮೊಬೈಲಿಗೆ ಹಾಕು. ಪುರುಸೊತ್ತಲ್ಲಿ ನೋಡ್ತೇವೆ."

ಬಾಯಮ್ಮ ಮೊಣಕೈಯಿಂದ ಫೋನು ಕಟ್ ಮಾಡಿ ಬಣ್ಣ ಹೊಡೆಯುವುದನ್ನು ಮುಂದುವರಿಸಿದರು. ಅಂದಿನಿಂದ ಡೊಲ್ಫಿಯ ಫೋನನ್ನು ಎತ್ತಲಿಲ್ಲ, ಅವನ ಹೆಂಡತಿ ಹಿಲ್ಡಾಳದ್ದನ್ನೂ ಎತ್ತಲಿಲ್ಲ. ಕುಟುಂಬದಲ್ಲಿ ವ್ಯಾನಿದ್ದದ್ದು ಡೊಲ್ಫಿಯ ಬಳಿ. ಡೊಲ್ಫಿ ಹೊರಟರೆ ವ್ಯಾನು ಹೊರಡುತ್ತದೆ, ವ್ಯಾನು ಹೊರಟರೆ ಉಳಿದವರೆಲ್ಲ ಹೊರಡುತ್ತಾರೆ. ಅವನಿಲ್ಲವೆಂದರೆ ಯಾರೂ ಇಲ್ಲ. ಬಾಯಮ್ಮನನ್ನು ನಗಿಸೋಣವೆಂದು ನಾನು ಕಂಡೇ ಇಲ್ಲದ ಡೊಲ್ಫಿಯನ್ನು ಅಣಕಿಸಿದೆ. ಒಮ್ಮೆ ನಕ್ಕರು. ಆಮೇಲೆ, ಅವನು ಸಣ್ಣದಿರುವಾಗ ಕತ್ತಲೆಗೆ ಹೆದರಿ ನನ್ನ ಸೆರಗು ಹಿಡಿದೇ ಮಲಗುತ್ತಿದ್ದ, ಅದನ್ನು ಮಾಡಲಿಕ್ಕೆ ಬರ್ತದಾ ನಿನಗೆ ಎಂದು ಕೇಳಿದರು. ನನಗೆ ಬರಲಿಲ್ಲ.

ಹಾಲಿನ ಬಾಗಿಲಲ್ಲಿಡಲು ಅವರದೇ ಒಂದು ಫೋಟೊ ಬೇಕಿತ್ತು. ಕೆಲಸದ ಕೊನೆಯ ದಿನ ಆಸ್ಪತ್ರೆಯ ಲಿಫ್ಟಿನ ಕನ್ನಡಿಯಲ್ಲಿ ತಾವೇ ತೆಗೆದುಕೊಂಡದ್ದು: ಬಿಳಿ ಸಮವಸ್ತ್ರ, ಎದೆಯ ಹತ್ತಿರ ಕ್ಯಾಮರಾ, ಮುಖದಲ್ಲಿ ಸಣ್ಣ ನಗು. ಶನಿವಾರ ಮಧ್ಯಾಹ್ನ ಬಾಯಮ್ಮ ಉಳಿದ ಫ್ರೇಮುಗಳನ್ನೆಲ್ಲ ರಿಕ್ಷಾದಲ್ಲಿ ತುಂಬಿಸಿಕೊಂಡು ಹಾಲಿಗೆ ಹೋದರು. ನನಗೊಂದು ಮದುವೆಯಲ್ಲಿ ಮೈಕಿನ ಕೆಲಸ ಇತ್ತು. ದೊಡ್ಡ ಪ್ರಿಂಟನ್ನು ಪೊರ್ಬುವಿನ ಮುಂದಿಟ್ಟು, ಇದೊಂದು ನಾಳೆಗೆ ಬೇಕು, ನಾನೇ ಬೆಳಗ್ಗೆ ಬಂದು ಒಯ್ಯುತ್ತೇನೆ ಎಂದು ಹೇಳಿ ಹೊರಟೆ.

ಪೊರ್ಬುವಿಗೆ ಬಾಯಮ್ಮನ ಮೇಲೆ ಅಭಿಮಾನ. ಇಷ್ಟು ಕಷ್ಟಪಟ್ಟವರಿಗೆ ಅಂಗಡಿಯಿಂದ ಒಂದು ಉಡುಗೊರೆ ಇರಲಿ, ಅದೂ ಅತ್ಯುತ್ತಮದ್ದೇ ಇರಲಿ ಎಂದುಕೊಂಡರು. ಜೀವಮಾನವಿಡೀ ಅವರು ಅತ್ಯುತ್ತಮದ್ದನ್ನು ಯಾರಿಗೆ ಹಾಕಿದ್ದಾರೆ ಎಂದು ಮೇಲೆಯೇ ಬರೆದಿದ್ದೇನೆ. ಕಪ್ಪು ಮರಕ್ಕೆ ಚಿನ್ನದ ಗೆರೆ, ಮೇಲೆ ಕೊಕ್ಕೆ. ಬಂದವರಿಗೆ ಮುಖ ಚೆನ್ನಾಗಿ ಕಾಣಲಿ ಎಂದು ಕೆಳಗೆ ಬಲ್ಬು. ಬಲ್ಬು ಇದ್ದ ಮೇಲೆ ಅಂಗಡಿಯ ಕ್ರಮ ತಪ್ಪಿಸಲಾಗದು. ರಸ್ತೆ ಬದಿಯ ಕಪಾಟಿನಲ್ಲಿಟ್ಟು, ಸ್ವಿಚ್ಚು ಹಾಕಿ, ಬಾಗಿಲು ಹಾಕಿ ಮನೆಗೆ ಹೋದರು.

ಭಾನುವಾರ ಬೆಳಗ್ಗೆ ಬಿಕರ್ನಕಟ್ಟೆಯ ಬಾಲ ಯೇಸುವಿನ ಕ್ಷೇತ್ರಕ್ಕೆ ಹೋಗಿ ಬರುವವರ ಸಂಖ್ಯೆ ಹೆಚ್ಚು. ನಂತೂರಿನಲ್ಲಿ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ನಮ್ಮ ಅಂಗಡಿಯ ಎದುರೇ ನಿಂತ ಒಂದು ಬಸ್ಸಿನ ಕಿಟಕಿಯಲ್ಲಿ, ಪೂಜೆ ಮುಗಿಸಿ ಬರುತ್ತಿದ್ದ ಹಿಲ್ಡಾ ಇದ್ದಳು. ಅವಳು ಕಂಡದ್ದು: ಗಂಡನ ಅಕ್ಕನ ಫೋಟೊ, ಕಪ್ಪು ಕಟ್ಟು, ಕೆಂಪು ಬಲ್ಬು. ಅಂಗಡಿಗೆ ಬೀಗ. ಬಸ್ಸು ಹೊರಟಿತು, ಇಳಿಯಲೂ ಆಗಲಿಲ್ಲ. ಜೂಲಿಯೆಟ್‌ಗೆ ಫೋನು ಮಾಡಿದರೆ ಎತ್ತುವುದಿಲ್ಲ. ಅವಳಿಂದ ವಿಷಯ ತಿಳಿದು ಡೊಲ್ಫಿ ಮಾಡಿದ, ಎತ್ತುವುದಿಲ್ಲ.

ನಾನು ಅಂಗಡಿಗೆ ಬಂದದ್ದು ಇದೆಲ್ಲ ಆದ ಮೇಲೆ, ಏನೂ ತಿಳಿಯದೆ. ನೋಡಿದರೆ ಕಪಾಟಿನ ಗ್ರಿಲ್ಲಿಗೆ ಯಾರೋ ಒಂದು ಚೆಂಡು ಮಲ್ಲಿಗೆ ಸಿಕ್ಕಿಸಿದ್ದರು. ಕೆಳಗೆ ಒಂದು ಮೇಣದ ಬತ್ತಿ. ಹಿರಿಯರೊಬ್ಬರು ಟೊಪ್ಪಿ ತೆಗೆದು ನಿಂತಿದ್ದರು. ಯಾವಾಗ ಹೋದದ್ದು ಎಂದು ನನ್ನನ್ನು ಕೇಳಿದರು. ನಿನ್ನೆ ಮಧ್ಯಾಹ್ನ ರಿಕ್ಷಾದಲ್ಲಿ ಎನ್ನುವ ಉತ್ತರ ನಾಲಗೆಯ ತುದಿಗೆ ಬಂದು, ಒಮ್ಮೆಯಾದರೂ ಬಾಯಿ ಮುಚ್ಚಿದೆ. ಬಾಯಮ್ಮ ಜೀವಂತ ಇದ್ದಾರೆ ಎಂದೆ. ಆ ಹಿರಿಯರು ಟೊಪ್ಪಿ ಹಾಕಿಕೊಂಡು, ಹೀಗೆಲ್ಲ ತಮಾಷೆ ಮಾಡಬಾರದು ಮಗ ಎಂದು ಬುದ್ಧಿ ಹೇಳಿ ಹೋದರು. ಇಕ್ಕುಳದಿಂದ ಬಲ್ಬನ್ನೂ ಕೊಕ್ಕೆಯನ್ನೂ ಕಿತ್ತು, ಸುತ್ತಿಗೆ ಮೊಳೆಗಳ ಚೀಲ ಹೆಗಲಿಗೇರಿಸಿ, ಫ್ರೇಮನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಿಜೈಗೆ ಹೊರಟೆ. ಬಾಯಮ್ಮನಿಗೆ ತಿಳಿಯುವ ಮುಂಚೆ ಮುಗಿಯಿತಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನಪಟ್ಟುಕೊಂಡೆ.

ಫ್ಲ್ಯಾಟಿನ ಗೇಟಿನಲ್ಲಿ ವ್ಯಾನು ನಿಂತಿತ್ತು. ಅದರಿಂದ ಕಪ್ಪು ಸೂಟು ಹಾಕಿದ ದೊಡ್ಡ ಗಾತ್ರದ ಮನುಷ್ಯ ಇಳಿದ, ಕೈಯಲ್ಲಿ ಸಾವಿನ ಮನೆಗೆ ಒಯ್ಯುವಂಥ, ಚಕ್ರದಷ್ಟು ದೊಡ್ಡ ಹೂವಿನ ಬಳೆ. ಹಿಂದಿನಿಂದ ತಲೆಗೆ ಸೆರಗು ಹೊದ್ದ ಹೆಂಗಸರು, ಕಪ್ಪು ಪಟ್ಟಿ ಕಟ್ಟಿದ ಗಂಡಸರು, ಇಳಿದಷ್ಟೂ ಜನ. ಜೂಲಿಯೆಟ್ ಎಲ್ಲಿ ಎಂದು ಅವನು ವಾಚ್‌ಮನ್‌ನನ್ನು ಕೇಳಿದ. ಕೆಳಗೆ ಹಾಲಿನಲ್ಲಿ ಎಂದು ವಾಚ್‌ಮನ್ ದಾರಿ ತೋರಿಸಿದ. ನಾನು ಫ್ರೇಮು ಹೊತ್ತು ಕೂಗಿಕೊಂಡು ಹಿಂದೆ ಓಡಿದೆ. ಫ್ರೇಮಿನಲ್ಲಿದ್ದ ಮುಖ ನೋಡಿ ಹಿಂದಿನವರು ನನಗೂ ದಾರಿ ಬಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಹಾಲಿನೊಳಗೆ ಆವರೆಗೆ ಇದ್ದದ್ದು ನೆರೆಮನೆಯ ಇಬ್ಬರು ಹೆಂಗಸರು, ಒಂದು ಚಹಾದ ಫ್ಲಾಸ್ಕು, ಗೋಡೆಯ ತುಂಬ ಫೋಟೊಗಳು, ಕೇಕಿನ ತಟ್ಟೆ ಹಿಡಿದ ಬಾಯಮ್ಮ. ಬಾಗಿಲಲ್ಲಿ ಡೊಲ್ಫಿ ನಿಂತ. ಅವನ ಹಿಂದೆ ನಾವೆಲ್ಲ ನಿಂತೆವು.

"ಡೊಲ್ಫಿ," ಎಂದರು ಬಾಯಮ್ಮ. "ಕೈಯಲ್ಲಿ ಎಂತ?"

"ಹೂ."

"ಯಾರಿಗೆ?"

ಹಿಲ್ಡಾ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಒಟ್ಟಿಗೇ ನಗಲೂ ಅಳಲೂ ತೊಡಗಿದಳು. ನಾನು ಮುಂದೆ ಬಂದು ಫ್ರೇಮು ತೋರಿಸಿ, ಬಲ್ಬಿನ ತೂತು ತೋರಿಸಿ, ನಡೆದದ್ದನ್ನೆಲ್ಲ ವಿವರಿಸಿದೆ. ಪೊರ್ಬುವಿನ ಪಾಲು ಬಂದಾಗ ನನ್ನ ಬಾಯಿ ತನ್ನಷ್ಟಕ್ಕೆ ಅವರ ಸ್ವರಕ್ಕೆ ಇಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಡೊಲ್ಫಿ ಮಾತ್ರ ನಗಲಿಲ್ಲ.

"ಫೋನು ಮಾಡಿ ಕೇಳಬಹುದಿತ್ತಲ್ಲ," ಎಂದರು ಬಾಯಮ್ಮ.

"ಬೆಳಗಿನಿಂದ ಮಾಡ್ತಾ ಇದ್ದೇನೆ. ನೀನು ಎತ್ತುವುದಿಲ್ಲ." ಅವನು ಹೂವಿನ ಬಳೆಯನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಒತ್ತಿ ಹಿಡಿದಿದ್ದ. "ಸಿಟ್ಟಿಗೇ ಎತ್ತದೆ ಇರುವುದಾಗಿರ್ಲಿ ದೇವರೇ, ಸಿಟ್ಟಿಗೇ ಆಗಿರ್ಲಿ ಅಂತ ಹೇಳಿಕೊಂಡೇ ಬಂದೆ."

"ಸಿಟ್ಟಿಗೇ," ಎಂದರು ಬಾಯಮ್ಮ. ಅವನ ಕೈಯಿಂದ ಹೂವನ್ನು ತೆಗೆದುಕೊಂಡು ಕೇಕಿನ ತಟ್ಟೆ ಕೊಟ್ಟರು.

ಕೊನೆಗೆ ಹಿಲ್ಡಾಳೇ ಆ ಬಳೆಯನ್ನು ಬಿಚ್ಚಿ, ಹೂಗಳನ್ನು ಚಹಾದ ಮೇಜಿನ ಮೇಲೆ ಲೋಟಗಳಲ್ಲಿ ಜೋಡಿಸಿದಳು. ಬಾಗಿಲಲ್ಲಿ ನಾನು ಫ್ರೇಮು ನಿಲ್ಲಿಸಿದೆ. ಬಾಯಮ್ಮ ಬಗ್ಗಿ ನೋಡಿ, ಕಟ್ಟು ಬಹಳ ಚೆಂದ ಉಂಟು, ವಿನ್ಸಿಗೆ ಥ್ಯಾಂಕ್ಸ್ ಹೇಳು ಎಂದರು. ನನ್ನ ಬೆವರು ಆಗ ಆರಿತು. ಇಷ್ಟು ವರ್ಷಗಳ ಸೇವೆಯಲ್ಲಿ ಆದ ಅತಿ ದೊಡ್ಡ ಎಡವಟ್ಟಿನಲ್ಲಿ ನನ್ನ ಕೈವಾಡ ಇಲ್ಲವೆಂಬ ಸಂತೋಷವನ್ನು ನಾನು ಎರಡು ತುಂಡು ಕೇಕು ತಿಂದು ಆಚರಿಸಿದೆ.

ಹೊಸಬರಿಗೆ ಒಂದು ಗುಟ್ಟು ಹೇಳುತ್ತೇನೆ. ಮದುವೆಗೆ ಬಂದವರು ಗಡಿಯಾರ ನೋಡುತ್ತಾರೆ, ಸಾವಿಗೆ ಬಂದವರು ನೋಡುವುದಿಲ್ಲ. ಆ ವ್ಯಾನಿನವರೆಲ್ಲ ಅಂಗಡಿ ಮುಚ್ಚಿ, ಅಡುಗೆ ಬಿಟ್ಟು, ಇಡೀ ದಿನವನ್ನು ತೆಗೆದಿಟ್ಟು ಬಂದವರು. ದಿನ ಕೈಯಲ್ಲಿ ಉಳಿದುಬಿಟ್ಟಿತು. ಮಾಡಲು ಬೇರೆ ಏನೂ ಇರಲಿಲ್ಲ. ಹಾಗಾಗಿ ಫೋಟೊಗಳನ್ನು ನೋಡಿದರು, ನಿಧಾನವಾಗಿ, ಕೈ ಹಿಂದೆ ಕಟ್ಟಿ, ಒಂದೊಂದರ ಮುಂದೆಯೂ ನಿಂತು. ಆ ಬೆಕ್ಕು ಯಾರದ್ದು ಎಂದು ಕೇಳಿದರು. ಬಸ್ಸಿನ ನೆರಳಿನಲ್ಲಿ ಮಲಗಿದವರಲ್ಲಿ ಒಬ್ಬನನ್ನು ನಮ್ಮ ಕಡೆಯವನು ಎಂದು ತಂಗಿಯ ಗಂಡ ವಾದಿಸಿದ. ಬಾಯಮ್ಮ ವಾರ್ಡಿನಲ್ಲಿ ರೌಂಡು ಹೋದ ಹಾಗೆ ಗೋಡೆಯಿಂದ ಗೋಡೆಗೆ ಹೋಗಿ ಉತ್ತರ ಕೊಟ್ಟರು.

ಡೊಲ್ಫಿ ಟೆಲಿಫೋನ್ ಬೂತಿನ ಸಾಲಿನ ಫೋಟೊದ ಮುಂದೆ ನಿಂತವನು ಅಲ್ಲಿಂದ ಕದಲಲಿಲ್ಲ.

"ನೀನು ನಮಗೆ ಫೋನು ಮಾಡ್ತಾ ಇದ್ದದ್ದು ಇಲ್ಲಿಂದಲಾ?"

"ಹೌದು."

"ಇಷ್ಟು ಉದ್ದ ಕ್ಯೂ ಇರ್ತಿತ್ತಾ?"

"ಇದು ಸಣ್ಣದು. ದೊಡ್ಡ ಕ್ಯೂ ಇದ್ದ ದಿನ ಫೋಟೊ ತೆಗೀಲಿಕ್ಕೆ ಆಗ್ತಿರಲಿಲ್ಲ, ಜಾಗ ಹೋಗ್ತದೆ."

ಅವನು ಗಾಜಿನ ಹತ್ತಿರಕ್ಕೆ ಬಗ್ಗಿದ. "ನಾನು ಎರಡು ಮಾತಾಡಿ ಅಮ್ಮನಿಗೆ ಕೊಡ್ತಿದ್ದೆ. ಆಟಕ್ಕೆ ಓಡ್ಲಿಕ್ಕೆ."

"ಗೊತ್ತುಂಟು. ಓಡುವ ಶಬ್ದ ಕೇಳ್ತಿತ್ತು."

ಈ ಫೋಟೊ ತನಗೆ ಬೇಕು ಎಂದು ಅವನು ಗೋಡೆಯಿಂದ ತೆಗೆಯಲು ಕೈ ಎತ್ತಿದ. ಸಂಜೆ ಪ್ರದರ್ಶನ ಮುಗಿಯದೆ ಮುಟ್ಟಬಾರದು ಎಂದು ಬಾಯಮ್ಮ ಗದರಿದರು. ಅವನು ಕೋಟು ಬಿಚ್ಚಿ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತ. ಊಟವನ್ನು ಅಲ್ಲಿಗೇ ತರಿಸಿದ. ಯಾರ ಯಾರಿಗೋ ಫೋನು ಮಾಡಿ, ಸತ್ತಿಲ್ಲ, ಆದರೂ ಬನ್ನಿ ಎಂದ. ಬಂದರು. ಪೊರ್ಬುವೂ ವಿಷಯ ತಿಳಿದು ಮುಖ ಸಣ್ಣದು ಮಾಡಿಕೊಂಡು ಬಂದರು. ಬಾಯಿಯಲ್ಲಿ ಮೊಳೆಗಳಿಲ್ಲದೆ ಅವರು ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಅಣಕಿಸಲು ಏನೂ ಸಿಗಲಿಲ್ಲ.

ಸಂಜೆ ಡೊಲ್ಫಿ ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ವ್ಯಾನಿನ ಕಡೆ ನಡೆದ. ಬಾಯಮ್ಮ ಅವನ ಹಿಂದೆಯೇ ಹೋದರು. ಗಾಜು ನಿನ್ನ ಕಡೆಗಿರಲಿ, ಮಲಗಿಸಬೇಡ, ನಿಲ್ಲಿಸಿಯೇ ಒಯ್ಯಿ ಎಂದರು. ಬಿಸಿಲು ಬೀಳುವ ಗೋಡೆಗೆ ಹಾಕಬೇಡ, ಬಣ್ಣ ಹೋಗ್ತದೆ ಎಂದರು. ಮಳೆ ನೀರು ಇಳಿಯುವ ಗೋಡೆಯಂತೂ ಬೇಡವೇ ಬೇಡ ಎಂದರು.

"ಮತ್ತೆ ಎಲ್ಲಿ ಹಾಕ್ಲಿ ಬಾಯ್?"

ಬಾಯಮ್ಮ ನನ್ನ ಹೆಗಲಿನ ಚೀಲಕ್ಕೆ ಕೈಹಾಕಿ ಸುತ್ತಿಗೆಯನ್ನೂ ಎರಡು ಮೊಳೆಗಳನ್ನೂ ತೆಗೆದುಕೊಂಡು, ಹಿಲ್ಡಾಳನ್ನು ಹಿಂದಿನ ಸೀಟಿಗೆ ಕಳಿಸಿ, ವ್ಯಾನಿನ ಮುಂದಿನ ಸೀಟಿನಲ್ಲಿ ಹತ್ತಿ ಕುಳಿತರು.